ವಿಂಡೋಸ್ ತೆರೆಯಲು 5 ನಿಮಿಷ, ವರ್ಡ್, ಫೋಟೋಶಾಪ್ ಇನ್ನೂ ನಿಧಾನ: ಏನು ಅಳಿಸಬೇಕು?

ಪ್ರಶ್ನೆ: ಡಿಟಿಪಿ (ಪುಟ ವಿನ್ಯಾಸದ ಕೆಲಸ) ಕಂಪ್ಯೂಟರ್. ವಿಂಡೋಸ್ 10, 8 ಜಿಬಿ ರ್‍ಯಾಮ್, 500 ಜಿಬಿ ಹಾರ್ಡ್ ಡಿಸ್ಕ್. ನುಡಿ, ಬರಹ, ಶ್ರೀಲಿಪಿ ಸೇರಿ 900ಕ್ಕೂ ಹೆಚ್ಚು ಫಾಂಟ್‌ಗಳಿವೆ. ಟೆಂಪ್ ಫೋಲ್ಡರ್ ಖಾಲಿ ಮಾಡಿದ್ದಾಯಿತು, ಏನೂ ಬದಲಾಗಲಿಲ್ಲ. ಪ್ರೀಫೆಚ್ ಕೂಡ ಅಳಿಸಲೇ ಸರ್?

ಉತ್ತರ: ಪ್ರೀಫೆಚ್ ಮುಟ್ಟಬೇಡಿ. ಪ್ರೋಗ್ರಾಂ ಬೇಗ ತೆರೆಯಲೆಂದೇ ವಿಂಡೋಸ್ ಅದನ್ನು ಇಟ್ಟುಕೊಂಡಿರುತ್ತದೆ. ಅಳಿಸಿದರೆ ಮುಂದಿನ ಕೆಲವು ಸಲ ಇನ್ನೂ ತಡವಾಗುತ್ತದೆ. ಇಷ್ಟು ಫಾಂಟ್ ಇರುವ ಕಡೆ ಮೊದಲು ಅನುಮಾನಿಸಬೇಕಾದ್ದು ಫಾಂಟ್ ಕ್ಯಾಶ್, ಅಂದರೆ ಫಾಂಟ್‌ಗಳ ಮಾಹಿತಿ ಬೇಗ ಸಿಗಲೆಂದು ವಿಂಡೋಸ್ ಇಟ್ಟುಕೊಳ್ಳುವ ಸಂಗ್ರಹ. ಅದು ಕೆಟ್ಟರೆ ಫಾಂಟ್ ಫೈಲ್‌ಗಳನ್ನು ಮತ್ತೆ ಮತ್ತೆ ಓದಬೇಕಾಗುತ್ತದೆ.

ಸರ್ವೀಸಸ್ (ಹಿನ್ನೆಲೆಯಲ್ಲಿ ಓಡುವ ಸೇವೆಗಳ ಪಟ್ಟಿ) ತೆರೆದು "ವಿಂಡೋಸ್ ಫಾಂಟ್ ಕ್ಯಾಶ್ ಸರ್ವೀಸ್" ಅನ್ನು ಸ್ಟಾಪ್ ಮಾಡಿ, ಸ್ಟಾರ್ಟಪ್ ಟೈಪ್ ಡಿಸೇಬಲ್ಡ್ ಇಡಿ. ಬರೀ ಸ್ಟಾಪ್ ಮಾಡಿದರೆ ತಾನಾಗಿ ಮತ್ತೆ ಶುರುವಾಗಬಹುದು. ಆಮೇಲೆ ಸಿ ಡ್ರೈವ್ → ವಿಂಡೋಸ್ → ಸರ್ವೀಸ್‌ಪ್ರೊಫೈಲ್ಸ್ → ಲೋಕಲ್‌ಸರ್ವೀಸ್ → ಆಪ್‌ಡೇಟಾ → ಲೋಕಲ್ → ಫಾಂಟ್‌ಕ್ಯಾಶ್. ಆಪ್‌ಡೇಟಾ ಕಾಣದಿದ್ದರೆ ವ್ಯೂನಲ್ಲಿ ಹಿಡನ್ ಐಟಮ್ಸ್ ಟಿಕ್ ಮಾಡಿ. ಒಳಗಿನ ಫೈಲ್‌ಗಳನ್ನಷ್ಟೇ ಅಳಿಸಿ, ಫೋಲ್ಡರ್ ಇರಲಿ. ಸಿಸ್ಟಮ್32ರಲ್ಲಿ ಎಫ್‌ಎನ್‌ಟಿಕ್ಯಾಶ್.ಡ್ಯಾಟ್ ಇದ್ದರೆ ಅದನ್ನೂ ತೆಗೆಯಿರಿ. ಸರ್ವೀಸನ್ನು ಮತ್ತೆ ಆಟೋಮ್ಯಾಟಿಕ್‌ಗೆ ತಂದು ರೀಸ್ಟಾರ್ಟ್ ಕೊಡಿ. ಶಟ್‌ಡೌನ್ ಸಾಲದು, ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಅದು ಪೂರ್ತಿ ಹೊಸ ಶುರುವಲ್ಲ.

ಮರುಪ್ರಶ್ನೆ: ಸರ್ವೀಸ್‌ಪ್ರೊಫೈಲ್ಸ್ ಒಳಗೆ ಹೋದರೆ ಅನುಮತಿ ಇಲ್ಲ ಎನ್ನುತ್ತಿದೆ. ಮಾಡಿದ ಮೇಲೆ ಕೂಡಲೇ ಗೊತ್ತಾಗುತ್ತದೆಯೇ?

ಉತ್ತರ: ಅಡ್ಮಿನ್ ಖಾತೆಯಲ್ಲಿ ಲಾಗಿನ್ ಆಗಿ, ಆ ಕಿಟಕಿಯಲ್ಲಿ ಕಂಟಿನ್ಯೂ ಒತ್ತಿ. ಮೊದಲ ರೀಸ್ಟಾರ್ಟ್ ಇನ್ನೂ ನಿಧಾನವಿರಬಹುದು, ಕ್ಯಾಶ್ ಹೊಸದಾಗಿ ತಯಾರಾಗುತ್ತಿರುತ್ತದೆ. ಮೂರನೇ ಸಲ ನೋಡಿ ತೀರ್ಮಾನಿಸಿ. ಫೋಟೋಶಾಪ್‌ಗೆ ಬೇರೆಯದೇ "ಸಿಟಿ ಫಾಂಟ್ ಕ್ಯಾಶ್" ಫೋಲ್ಡರ್ ಇದೆ (ಆಪ್‌ಡೇಟಾ → ರೋಮಿಂಗ್ → ಅಡೋಬಿಯ ಒಳಗೆ). ಫೋಟೋಶಾಪ್ ಮುಚ್ಚಿ ಅದನ್ನು ಅಳಿಸಿ.

ಇನ್ನೊಂದು ಉತ್ತರ: ಕ್ಯಾಶ್ ತೆಗೆದ ಕೆಲವೇ ದಿನಕ್ಕೆ ಮತ್ತೆ ಅದೇ ಗೋಳಾದರೆ ಯಾವುದೋ ಫಾಂಟ್ ಫೈಲ್ ಹಾಳಾಗಿದೆ ಎಂದು ಹುಡುಕಬೇಕು. ಎಲ್ಲ ಫಾಂಟ್‌ಗಳ ಪ್ರತಿಯನ್ನು ಬೇರೆ ಡ್ರೈವ್‌ಗೆ ಹಾಕಿಕೊಂಡು, ನೀವೇ ಹಾಕಿದ ಫಾಂಟ್‌ಗಳಲ್ಲಿ ಅರ್ಧ ತೆಗೆದು ನೋಡಿ. ಸರಿಹೋದರೆ ತಪ್ಪು ಆ ಅರ್ಧದಲ್ಲಿದೆ. ಅದನ್ನೇ ಮತ್ತೆ ಅರ್ಧ ಮಾಡಿ. ತುಂಗಾ, ನಿರ್ಮಲಾ ವಿಂಡೋಸ್‌ನವು, ಅವನ್ನು ಬಿಡಿ. ನುಡಿ 01 ಇ ತರಹದ ಹಳೆಯ ಫಾಂಟ್ ತೆಗೆದರೆ ಅದರಲ್ಲಿ ಟೈಪಾದ ಹಳೆಯ ಕಡತದಲ್ಲಿ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳು ಕಾಣುತ್ತವೆ. ಹೆದರಬೇಡಿ, ಕಡತ ಕೆಟ್ಟಿರುವುದಿಲ್ಲ, ಫಾಂಟ್ ಮತ್ತೆ ಹಾಕಿದರೆ ಸರಿಯಾಗುತ್ತದೆ.

ಜೊತೆಗೆ ಟಾಸ್ಕ್ ಮ್ಯಾನೇಜರ್‌ನಲ್ಲಿ ಡಿಸ್ಕ್ ಕಾಲಂ ನೋಡಿ. ಏನೂ ತೆರೆಯದೆ 10 ನಿಮಿಷ ಬಿಟ್ಟರೂ 100% ಇದ್ದರೆ ಕ್ಯಾಶ್ ಅಳಿಸುತ್ತಾ ಕೂರಬೇಡಿ, ತೊಂದರೆ ಡಿಸ್ಕಿನದ್ದೇ ಇರಬಹುದು. ಮೊದಲು ಕೆಲಸದ ಕಡತಗಳ ಬ್ಯಾಕಪ್ ತೆಗೆದುಕೊಳ್ಳಿ, ಆಮೇಲೆ ಡಿಸ್ಕಿನ ಸ್ಮಾರ್ಟ್ ವರದಿ (ಡಿಸ್ಕ್ ತನ್ನ ಸ್ಥಿತಿಯ ಬಗ್ಗೆ ತಾನೇ ಕೊಡುವ ವಿವರ) ನೋಡಿ ಇಲ್ಲಿ ಹಾಕಿ.