ಈ ಬೋರ್ ನೀರಿಗೆ ಎಷ್ಟು ಎಕರೆ ಟೊಮೆಟೊ?

ಪ್ರಶ್ನೆ: ಸರ್, ನಮ್ಮದು ಕೋಲಾರದ ಕಡೆ. ಹೋದ ವರ್ಷ ಫೆಬ್ರವರಿಯಲ್ಲಿ 2 ಎಕರೆ ಟೊಮೆಟೊ ನಾಟಿ ಮಾಡಿದ್ದೆ, ಡ್ರಿಪ್ ಇದೆ. ಮೊದಲು ನೀರು ಸಾಕಾಯಿತು, ಕಾಯಿ ಹಿಡಿಯುವಾಗ ಸಾಲಲಿಲ್ಲ. ಈ ಸಲ ಎಷ್ಟು ಹಾಕಲಿ?

ಉತ್ತರ (ನೀರಾವರಿ ಎಂಜಿನಿಯರ್): ಮೊದಲು ಬೋರ್ ಅಳೆಯಿರಿ ಅಣ್ಣ. ಮೋಟಾರ್ ಹಾಕಿ 3 ಗಂಟೆ ಆದ ಮೇಲೆ 200 ಲೀಟರ್ ಡ್ರಮ್ ತುಂಬಲು ಎಷ್ಟು ನಿಮಿಷ ಬೇಕು, ನೋಡಿ ಹೇಳಿ. ಹಾಕಿದ ತಕ್ಷಣ ಬರುವ ನೀರನ್ನು ನಂಬಬೇಡಿ.

ಪ್ರಶ್ನೆ: 4 ನಿಮಿಷ ಸರ್. ಕರೆಂಟು 7 ಗಂಟೆ.

ಉತ್ತರ: ಗಂಟೆಗೆ 3,000 ಲೀಟರ್, ದಿನಕ್ಕೆ 21,000. ಏಪ್ರಿಲ್‌ನಲ್ಲಿ ಇದು ಇನ್ನೂ ಇಳಿಯಬಹುದು, ಆಗ ಮತ್ತೆ ಅಳೆಯಿರಿ.

ಈಗ ಗಿಡದ ಕಡೆ ಬನ್ನಿ. ನಿಮ್ಮ ಕಡೆ ಏಪ್ರಿಲ್ ಬಿಸಿಲಿಗೆ, ಹುಲ್ಲು ಮುಚ್ಚಿದ ನೆಲದಿಂದ ದಿನಕ್ಕೆ ಸುಮಾರು 6 ಮಿಲಿಮೀಟರ್ ನೀರು ಆವಿಯಾಗಿ ಹೋಗುತ್ತದೆ ಎಂದು ಹಿಡಿಯೋಣ. ಕಾಯಿ ತುಂಬಿದ ಟೊಮೆಟೊಗೆ ಅದರ 1.15 ಪಟ್ಟು, ಅಂದರೆ ಸುಮಾರು 7 ಮಿಲಿಮೀಟರ್. ಒಂದು ಎಕರೆಗೆ 1 ಮಿಲಿಮೀಟರ್ ಅಂದರೆ 4,047 ಲೀಟರ್. ಡ್ರಿಪ್‌ನಲ್ಲಿ ಹತ್ತರಲ್ಲಿ ಒಂದು ಪಾಲು ಸೋರಿಕೆ ಸೇರಿಸಿದರೆ ಎಕರೆಗೆ ದಿನಕ್ಕೆ 31,000 ಲೀಟರ್ ಬೇಕು. ಎಳೆ ಗಿಡಕ್ಕೆ ಇದಕ್ಕಿಂತ ತುಂಬಾ ಕಡಿಮೆ ಸಾಕು. ಅದಕ್ಕೇ ಮಾರ್ಚ್‌ನಲ್ಲಿ ನಿಮಗೆ ಕೊರತೆ ಗೊತ್ತಾಗಲಿಲ್ಲ. ನಾಟಿ ದಿನದ ನೀರು ನೋಡಿ ಎಕರೆ ತೀರ್ಮಾನ ಮಾಡಿದ ಎಷ್ಟೋ ತೋಟಗಳು ಒಣಗಿದ್ದನ್ನು ನೋಡಿದ್ದೇನೆ, ಹೊಟ್ಟೆ ಉರಿಯುತ್ತದೆ.

ಪ್ರಶ್ನೆ: ಹಾಗಾದ್ರೆ ಒಂದು ಎಕರೆಗೂ ಸಾಲಲ್ಲ, ಅಲ್ವಾ? 21 ಮೀಟರ್ ಉದ್ದ, ಅಷ್ಟೇ ಅಗಲ, 3 ಮೀಟರ್ ಆಳದ ಕೃಷಿ ಹೊಂಡ ಇದೆ. ಶೀಟ್ ಹಾಸಿದ್ದೇವೆ.

ಉತ್ತರ: ಅದು ಇದ್ದರೆ ಲೆಕ್ಕವೇ ಬದಲಾಗುತ್ತದೆ! ಬದಿ ಇಳಿಜಾರು ಬಿಟ್ಟು ಸುಮಾರು 9.8 ಲಕ್ಷ ಲೀಟರ್ ಹಿಡಿಯುತ್ತದೆ. ಒಂದು ಎಕರೆಗೆ ದಿನಕ್ಕೆ 10,000 ಲೀಟರ್ ಕೊರತೆ. ಕಾಯಿ ತುಂಬಿ ನೀರು ಹೆಚ್ಚು ಬೇಕಾಗುವ 40 ದಿನಕ್ಕೆ 4 ಲಕ್ಷ, ಬಿಸಿಲಿಗೆ ಆವಿಯಾಗುವುದು ಇನ್ನೊಂದು ಲಕ್ಷ. ಆರಾಮಾಗಿ ಸಾಲುತ್ತದೆ. ಎರಡು ಎಕರೆಗೆ ಕೊರತೆಯೇ 16 ಲಕ್ಷ ದಾಟುತ್ತದೆ, ಆಗಲ್ಲ. ಎಳೆ ಗಿಡ ಇರುವಾಗ ಉಳಿಯುವ ಬೋರ್ ನೀರನ್ನು ಹೊಂಡಕ್ಕೆ ಬಿಡಿ. ಏಪ್ರಿಲ್‌ಗೆ ಹೊಂಡ ತುಂಬಿರಬೇಕು.

ಇನ್ನೊಬ್ಬರು: ಎರಡನೇ ಎಕರೆ ಸುಮ್ನೆ ಬಿಡಬೇಕಾ ಸರ್?

ಉತ್ತರ: ಬೇಡ. ಜೂನ್‌ನಲ್ಲಿ ಮಳೆ ನೋಡಿಕೊಂಡು ನಾಟಿ ಮಾಡಿ. ಎರಡೂ ಎಕರೆ ಒಟ್ಟಿಗೆ ಕಾಯಿ ಹಿಡಿಯದಿದ್ದರೆ ಸಾಕು.