ಅಪ್‌ಡೇಟ್: ಫೋಟೋ ಸ್ಪರ್ಧೆಯ ಬಹುಮಾನದ ಹಣ ಕೊನೆಗೂ ಬಂತು

ನಗದು ಬಹುಮಾನ ಅಂತ ಹೇಳಿ ಶುಲ್ಕ ಕಟ್ಟಿಸಿಕೊಂಡು, ಗೆದ್ದ ಮೇಲೆ ತಮ್ಮದೇ ಕೋರ್ಸಿನ ಡಿಸ್ಕೌಂಟ್ ಕೂಪನ್ ಕೈಗಿಟ್ಟ ಆಯೋಜಕರ ಮೇಲೆ ಏನು ಮಾಡಬಹುದು ಅಂತ ಎರಡು ವಾರದ ಹಿಂದೆ ಕೇಳಿದ್ದೆನಲ್ಲ, ಹಣ ಬಂತು!

ಬ್ಯಾಂಕಿನಿಂದ ಕಾರ್ಡ್ ಪೇಮೆಂಟ್ ವಾಪಸ್ ತರಿಸೋ ಸಲಹೆ ಫಲಿಸಲಿಲ್ಲ, ಗಡುವು ಮುಗಿದಿತ್ತು. ಪೊಲೀಸರು ‘ಇದು ಸಿವಿಲ್ ವಿಷಯ’ ಅಂದು ಕೈ ತೊಳೆದುಕೊಂಡರು.

ಕೈ ಹಿಡಿದದ್ದು ‘ಹಳೇ ನಿಯಮಗಳ ಪ್ರತಿ ಹುಡುಕಿ’ ಅಂದವರ ಮಾತು. ಆಯೋಜಕರು ಸದ್ದಿಲ್ಲದೆ ತಮ್ಮ ವೆಬ್‌ಸೈಟಿನ ನಿಯಮಗಳ ಪುಟ ತಿದ್ದಿದ್ದರು. ವೆಬ್ ಪುಟಗಳ ಹಳೇ ಪ್ರತಿಗಳನ್ನು ಉಳಿಸಿಡೋ ವೇಬ್ಯಾಕ್ ಮಷೀನ್ ಅನ್ನೋ ತಾಣದಲ್ಲಿ ನಾನು ಶುಲ್ಕ ಕಟ್ಟಿದ ವಾರದ ಪ್ರತಿ ಸಿಕ್ಕಿತು. ‘ನಗದು’ ಅನ್ನೋ ಪದ ದಪ್ಪಕ್ಷರದಲ್ಲೇ ಇತ್ತು, ಪುಣ್ಯಾತ್ಮರು! ಅದನ್ನು ಲಗತ್ತಿಸಿ ವಕೀಲರಿಂದ ಒಂದೇ ಪುಟದ ನೋಟಿಸ್: ಸೇರಿದ ದಿನ ಇದ್ದ ನಿಯಮವೇ ಒಪ್ಪಂದ, ಆಮೇಲೆ ನೀವೊಬ್ಬರೇ ಬದಲಿಸಿದರೆ ನಡೆಯಲ್ಲ, 15 ದಿನದಲ್ಲಿ ಕೊಡದಿದ್ದರೆ ಗ್ರಾಹಕ ದೂರು. ಒಂಬತ್ತನೇ ದಿನ ಹಣ ಜಮೆ.

ಹಣದ ಜೊತೆ ಒಂದು ರಾಜಿ ಪತ್ರವೂ ಬಂತು. ‘ಈ ಬಗ್ಗೆ ಎಲ್ಲೂ ಮಾತಾಡುವಂತಿಲ್ಲ’ ಅನ್ನೋ ಸಾಲನ್ನು ಹೊಡೆದುಹಾಕಿಯೇ ಸಹಿ ಮಾಡಿದೆ. ನನಗೆ ಗೊತ್ತೇ ಇರದ ಇನ್ನೊಂದು ವಿಷಯ ವಕೀಲರು ತೋರಿಸಿದರು: ಸೋತವರ ಫೋಟೋಗಳನ್ನೂ ಜಾಹೀರಾತಿಗೆ ಬಳಸೋ ಹಕ್ಕು ಆಯೋಜಕರದಂತೆ, ನಿಯಮದಲ್ಲೇ ಇದೆ. ಗೆಲ್ಲದ ನನ್ನ ಉಳಿದ ಆರು ಫೋಟೋಗಳನ್ನು ಅವರ ಕಡೆಯಿಂದ ತೆಗೆದುಹಾಕಿಸೋ ಕೆಲಸ ಇನ್ನೂ ಬಾಕಿ.