ಒಂಟಿ ಹಸು ಬೆದೆಗೆ ಬಂದಿರೋದು ಹೆಂಗೆ ಗೊತ್ತಾಗುತ್ತೆ? ಅನುಭವ ಇರೋರು ಹೇಳಿ

ಮದ್ದೂರು ಹತ್ರದ ಹಳ್ಳಿಯಿಂದ ಕೇಳ್ತಿದೀನಿ. ಮನೇಲಿ ಒಂದೇ ಎಚ್ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಕ್ರಾಸ್ ಹಸು, ಎರಡನೇ ಕರು ಹಾಕಿ ಮೂರು ತಿಂಗಳಾಗ್ತಾ ಬಂತು, ಹಾಲು ಚೆನ್ನಾಗೇ ಕೊಡ್ತಿದೆ ಆದ್ರೆ ಬೆದೆಗೆ ಬಂದಂಗೇ ಕಾಣ್ಸಿಲ್ಲ, ಕೂಗೋದೂ ಇಲ್ಲ. ಮೊನ್ನೆ ಬಾಲಕ್ಕೆ ಸ್ವಲ್ಪ ರಕ್ತ ಅಂಟಿತ್ತು, ಅದೊಂದು ಭಯ ಬೇರೆ. ಡಾಕ್ಟ್ರು ಬೆದೆಗೆ ಬಂದಾಗ ಫೋನ್ ಮಾಡಮ್ಮ ಅಂತಾರೆ, ಬಂದಿದೆ ಅಂತ ಗೊತ್ತಾದ್ರೆ ತಾನೆ ಫೋನ್ ಮಾಡೋದು?

ಪಾಂಡವಪುರದಿಂದ:
ಅಕ್ಕ, ಮೊದ್ಲು ರಕ್ತದ ಭಯ ಬಿಡಿ. ಬೆದೆ ಆಗಿ ಒಂದರಿಂದ ಮೂರು ದಿನದೊಳಗೆ ಎಷ್ಟೋ ಹಸುಗಳಿಗೆ, ಅದ್ರಲ್ಲೂ ಇನ್ನೂ ಕರು ಹಾಕದ ಕಡಸುಗಳಿಗೆ, ಹಂಗೆ ಸ್ವಲ್ಪ ರಕ್ತ ಬರುತ್ತೆ. ಅಂದ್ರೆ ನಿಮ್ ಹಸು ಬೆದೆಗೆ ಬಂದೇ ಇತ್ತು ಕಣಕ್ಕ, ನಿಮ್ ಕಣ್ಣಿಗೆ ಬೀಳ್ಲಿಲ್ಲ ಅಷ್ಟೇ. ರಕ್ತ ಕಂಡ್ಮೇಲೆ ಗಬ್ಬ ಕಟ್ಸೋ ಇಂಜೆಕ್ಷನ್ (ಎಐ, ಅಂದ್ರೆ ಕೃತಕ ಗರ್ಭಧಾರಣೆ) ಕೊಡ್ಸಿ ಪ್ರಯೋಜ್ನ ಇಲ್ಲ, ಹೊತ್ತು ಮೀರಿರುತ್ತೆ. ಆದ್ರೆ ಆ ತಾರೀಕು ಬಂಗಾರ, ಕ್ಯಾಲೆಂಡರ್ ಮೇಲೆ ಬರ್ಕೊಳಿ. ಬೆದೆ ಸಾಮಾನ್ಯವಾಗಿ 21 ದಿನಕ್ಕೊಂದ್ಸಲ, 18ರಿಂದ 24ರ ಒಳಗೆ ಹಿಂದೆ ಮುಂದೆ ಆಗುತ್ತೆ, ರಕ್ತ ಬಂದಿದ್ದು ಬೆದೆ ಆದ್ಮೇಲೆ ಅಲ್ವಾ, ಅದಕ್ಕೆ ರಕ್ತ ಕಂಡ ದಿನದಿಂದ 16ನೇ ದಿನಕ್ಕೇ ಕಾಯೋಕೆ ಶುರು ಮಾಡಿ.

ನಾಕಾರು ಹಸು ಒಟ್ಟಿಗೆ ಬಿಟ್ಟಿರೋ ಕಡೆ ಕಷ್ಟ ಇಲ್ಲ, ಬೇರೆ ಹಸು ಮೇಲೆ ಹತ್ತಿದ್ರೂ ಕದಲದೆ ನಿಲ್ತದಲ್ಲ ಅದೇ ಬೆದೆಗೆ ಬಂದಿರೋದು, ಅದಕ್ಕಿಂತ ಪಕ್ಕಾ ಗುರುತು ಇನ್ನೊಂದಿಲ್ಲ. ನಮ್ ಕಡೆ ಗೊಂತಿಗೆ ಕಟ್ಟಿದ ಒಂಟಿ ಹಸು ಅದನ್ನ ತೋರ್ಸೋದಾದ್ರೂ ಹೆಂಗೆ ಪಾಪ. ಅದಕ್ಕೆ ಸಣ್ಣಪುಟ್ಟ ಗುರುತೇ ಹಿಡೀಬೇಕು. ದಿನಾ ಆ ಹೊತ್ತಿಗೆ ಮಲಗಿ ಮೆಲುಕು ಹಾಕೋ ಹಸು ನಿಂತೇ ಇರುತ್ತೆ, ಕಿವಿ ನೆಟ್ಟಗೆ ಮಾಡ್ಕೊಂಡು ತಿರುಗಿ ತಿರುಗಿ ನೋಡ್ತದೆ, ಗೋದಲೀಲಿ ಹುಲ್ಲು ಹಂಗೇ ಮಿಕ್ಕಿರುತ್ತೆ, ಬಾಲ ಎತ್ತಿ ಸ್ವಲ್ಪ ಸ್ವಲ್ಪಾನೇ ಗಂಜಲ ಹುಯ್ತದೆ, ಹಿಂದೆ ಯೋನಿ ತುಟಿ ಊದಿ ಒಳಗೆ ಕೆಂಪಾಗಿರುತ್ತೆ. ಡೈರಿ ಸ್ಲಿಪ್ಪೂ ನೋಡ್ತಿರಿ, ಕಾರಣ ಇಲ್ದೆ ಒಂದು ಹೊತ್ತು ಹಾಲು ಇಳಿದಿದ್ರೆ ಅವತ್ತು ಹಸು ಹಿಂದೆ ಹೋಗಿ ನೋಡ್ಲೇಬೇಕು. ಎಲ್ಲಕ್ಕಿಂತ ಮುಖ್ಯ ಲೋಳೆ, ಮೊಟ್ಟೆಯ ಬಿಳಿ ಥರ ತಿಳಿಯಾಗಿ ದಾರದಂಗೆ ಇಳೀತದೆ, ಮಲಗಿದಾಗ ನೆಲದ ಮೇಲೆ ಬಿದ್ದಿರುತ್ತೆ, ಬಾಲಕ್ಕೆ ತೊಡೆಗೆ ಅಂಟಿ ಒಣಗಿರುತ್ತೆ. ನಾವು ಏನ್ ಮಾಡ್ತೀವಿ ಹೇಳಿ, ಬೆಳಿಗ್ಗೆ ಎದ್ದ ತಕ್ಷಣ ಸಗಣಿ ಬಾಚಿ ಪೈಪ್ ಹಿಡಿದು ಕೊಟ್ಟಿಗೆ, ಹಸು ಎರಡೂ ತೊಳೆದುಬಿಡ್ತೀವಿ. ಇದ್ದ ಗುರುತೆಲ್ಲಾ ಚರಂಡಿಗೆ. ದಯವಿಟ್ಟು ತೊಳೆಯೋಕ್ ಮುಂಚೆ ಒಂದು ನಿಮಿಷ ಹಿಂದೆ ನಿಂತು ನೋಡಿ.

ಇನ್ನೊಂದು, ಬೆದೆ ಜಾಸ್ತಿ ಜೋರಾಗೋದೇ ರಾತ್ರಿಯಿಂದ ಬೆಳಗಿನ ಜಾವದೊಳಗೆ. ಒಟ್ಟು ಇರೋದೇ 12ರಿಂದ 18 ಗಂಟೆ, ಹಾಲು ಜಾಸ್ತಿ ಕೊಡೋ ಕ್ರಾಸ್ ಹಸುಗಳಿಗೆ ಬೇಸಿಗೇಲಿ ಅಷ್ಟೂ ಇರಲ್ಲ. ನೀವು ಹಾಲು ಕರೆಯೋ ಹೊತ್ತಲ್ಲಿ ಮಾತ್ರ ನೋಡಿದ್ರೆ, ಆಗ ಅದರ ಗಮನ ಎಲ್ಲಾ ಬೂಸಾ ಕಡೆ. ರಾತ್ರಿ ಊಟ ಆದ್ಮೇಲೆ ಟಾರ್ಚ್ ತಗೊಂಡು ಸುಮ್ನೆ ಹತ್ತು ನಿಮಿಷ ನಿಂತ್ಕೊಳಿ, ಬೆಳಿಗ್ಗೆ ಐದಕ್ಕೆ ಇನ್ನೊಂದ್ಸಲ. ನಮ್ ಸೀಮೇಲಿ ಬೆದೆಗೇ ಬರಲ್ಲ ಅಂತ ಮಾರಿಬಿಡೋ ಹಸುಗಳಲ್ಲಿ ಎಷ್ಟೋ ಸರಿಯಾಗೇ ಬೆದೆಗೆ ಬರ್ತಿರೋವು ಅಂತ ನನಗೆ ಗಟ್ಟಿಯಾಗಿ ಅನ್ಸುತ್ತೆ, ಅದು ನೋಡಿದ್ರೆ ಹೊಟ್ಟೆ ಉರಿಯುತ್ತೆ.

ಕೆ.ಆರ್.ಪೇಟೆಯಿಂದ:
ನಾನು ಮನೆ ಮನೆಗೆ ಹೋಗಿ ಎಐ ಮಾಡೋನು. ಮೇಲೆ ಅಣ್ಣ ಹೇಳಿದ್ದೆಲ್ಲಾ ಸರಿ, ಟೈಮಿಂಗ್ ಒಂದು ಸೇರಿಸ್ತೀನಿ. ಬೆಳಿಗ್ಗೆ ಬೆದೆ ಕಂಡ್ರೆ ಅವತ್ತು ಸಂಜೆ, ಸಂಜೆ ಕಂಡ್ರೆ ಮಾರನೇ ದಿನ ಬೆಳಿಗ್ಗೆ ಕೊಡ್ಸಿ. ಬೆದೆ ಮುಗಿದು 10ರಿಂದ 14 ಗಂಟೆ ಆದ್ಮೇಲೆ ಅಂಡ ಬಿಡೋದು, ಕೂಗಿದ ತಕ್ಷಣ ಕೊಡ್ಸಿದ್ರೆ ವೀರ್ಯ ಅಲ್ಲಿವರೆಗೆ ಜೀವ ಹಿಡ್ಕೊಂಡಿರೋದು ಕಷ್ಟ. ಫೋನ್ ಮಾಡಿದಾಗ "ಬೇಗ ಬನ್ನಿ" ಅನ್ನೋದಕ್ಕಿಂತ ಮೊದಲ ಸಲ ಎಷ್ಟೊತ್ತಿಗೆ ಲೋಳೆ ನೋಡಿದ್ರಿ ಅಂತ ಹೇಳಿ, ಅದೇ ನಮಗೆ ಬೇಕಾಗಿರೋದು. ಲೋಳೆ ತಿಳಿ ಇಲ್ದೆ ಬೆಳ್ಳಗೆ ಕೀವು ಥರ ಇದ್ರೆ, ವಾಸನೆ ಬಂದ್ರೆ, ಆ ಸಲ ಬಿಟ್ಟು ಮೊದ್ಲು ಡಾಕ್ಟ್ರಿಗೆ ತೋರ್ಸಿ. ಆಮೇಲೆ, ಗಬ್ಬ ಇರೋ ಕೆಲವು ಹಸುಗಳೂ ಬೆದೆ ಥರ ಆಡ್ತವೆ, ಹಿಂದೆ ಎಐ ಮಾಡ್ಸಿದ ಹಸು ಆದ್ರೆ ತಾರೀಕು ಮುಚ್ಚಿಡ್ದೆ ಹೇಳಿ, ಕೈ ಹಾಕಿ ನೋಡದೆ ಮತ್ತೆ ಕೊಟ್ರೆ ಗಬ್ಬ ಹೋಗ್ಬೋದು.

ನಂಜನಗೂಡಿಂದ:
ಮೇವಿನ ಕಡೇನೂ ನೋಡಮ್ಮ. ಕರು ಹಾಕಿದ ಮೇಲೆ ಹಾಲು ಜಾಸ್ತಿ ಕೊಟ್ಟು ಮೈ ಇಳಿದ ಹಸು ಸದ್ದಿಲ್ದೆ ಬೆದೆಗೆ ಬಂದು ಹೋಗುತ್ತೆ, ಕೂಗಲ್ಲ. ಬರೀ ಕಬ್ಬಿನ ಸೋಗೆ, ಭತ್ತದ ಹುಲ್ಲು ಸಾಲಲ್ಲ. ಮಿನರಲ್ ಮಿಕ್ಸ್ಚರ್ ದಿನಾ 50 ಗ್ರಾಂ ತಪ್ಪದೆ ಬೂಸಾಗೆ ಕಲ್ಸಿ, ನೆರಳು ನೀರು ಚೆನ್ನಾಗಿರ್ಲಿ. ಎಮ್ಮೆ ಸಾಕಿರೋರಿಗೆ ಇದು ಇನ್ನೂ ಕಷ್ಟ, ಅವು ಹಸುಗಿಂತ ಗುಟ್ಟು.

ಮದ್ದೂರು (ಕೇಳಿದವರು):
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ತಾರೀಕು ಬರ್ಕೊಂಡೆ. ಬೇರೆ ಹಸು ಜೊತೆ ಬಿಟ್ಟು ನೋಡೋಣ ಅಂದ್ರೆ ಪಕ್ಕದ ಮನೆಯವ್ರು ಅವರ ಹಸು ಬಿಚ್ಚಲ್ಲ, ಏನ್ ಮಾಡೋದು?

ಪಾಂಡವಪುರದಿಂದ:
ಪರ್ವಾಗಿಲ್ಲ ಅಕ್ಕ, ಒಂದನ್ನೇ ಬಿಚ್ಚಿ ಸಂಜೆ ಮಣ್ಣಿನ ನೆಲದ ಮೇಲೆ ಸ್ವಲ್ಪ ಹೊತ್ತು ಓಡಾಡ್ಸಿ, ಸಿಮೆಂಟ್ ಮೇಲೆ ಬೇಡ, ಜಾರುತ್ತೆ. ಆಮೇಲೆ ಬಾಲದ ಬುಡದ ಹತ್ರ ಅಂಗೈಯಿಂದ ಒತ್ತಿ ನೋಡಿ, ಬೆದೆ ಇದ್ರೆ ತಪ್ಪಿಸ್ಕೊಳ್ದೆ ನಿಂತು ಬಾಲ ಪಕ್ಕಕ್ಕೆ ಎತ್ತುತ್ತೆ, ಇಲ್ದಿದ್ರೆ ಮುಂದೆ ಸರೀತದೆ. ರಕ್ತ ಕಂಡ ದಿನದಿಂದ 24 ದಾಟಿದ್ರೂ ಏನೂ ಕಾಣ್ಲಿಲ್ಲ ಅಂದ್ರೆ ಮತ್ತೆ ಕಾಯ್ತಾ ಕೂರ್ಬೇಡಿ, ಡಾಕ್ಟ್ರನ್ನ ಕರ್ಸಿ ಗರ್ಭಕೋಶ, ಅಂಡಾಶಯ ಎರಡೂ ಚೆಕ್ ಮಾಡ್ಸಿ, ಆ ತಾರೀಕು ಬರ್ದಿರೋದನ್ನೂ ತೋರ್ಸಿ.